ಮಾಕುಟ್ಟ ಇಳಿದು, ಪಾಲ್ ಚುರಂ ಹತ್ತಿ: ನೀರಿನ ಜೊತೆ ನಾಲ್ಕು ದಿನ

"ಮಾತಾಡ್ತಾ ಹೋಗಿ. ಇಲ್ಲಾಂದ್ರೆ ಹಾಡು ಹೇಳ್ಕೊಂಡು ಹೋಗಿ. ಸುಮ್ನೆ ಮಾತ್ರ ಹೋಗ್ಬೇಡಿ."

ವಿರಾಜಪೇಟೆ ದಾಟಿ ಪೆರುಂಬಾಡಿ ಚೆಕ್‌ಪೋಸ್ಟ್ ಹತ್ತಿರ ಸಿಕ್ಕ ಫಾರೆಸ್ಟ್ ವಾಚರ್ ಒಬ್ಬರು ನಮ್ಮ ಎರಡು ಸೈಕಲ್ಲನ್ನೂ ಮೇಲಿಂದ ಕೆಳಗೆ ನೋಡಿ ಹೇಳಿದ್ದು ಇಷ್ಟು. ಮೊದಲು ನನಗೆ ಅರ್ಥ ಆಗಲಿಲ್ಲ. ಕಾಡಲ್ಲಿ ಸದ್ದು ಮಾಡಬಾರದು ಅಂತ ತಾನೇ ಎಲ್ಲ ಬೋರ್ಡಲ್ಲೂ ಬರೆದಿರುತ್ತಾರೆ? ಅವರೇ ಬಿಡಿಸಿ ಹೇಳಿದರು. ಲಾರಿ ಬಂದರೆ ಆನೆಗೆ ದೂರದಿಂದಲೇ ಗೊತ್ತಾಗುತ್ತದೆ. ಸೈಕಲ್ ಹಾಗಲ್ಲ. ಇಳಿಜಾರಲ್ಲಿ ಪೆಡಲ್ ಕೂಡ ತುಳಿಯದೆ ಗಾಳಿ ಥರ ಬಂದುಬಿಡುತ್ತದೆ. ತಿರುವಿನ ಆಚೆ ಆನೆ ನಿಂತಿದ್ದರೆ ಅದಕ್ಕೂ ಗಾಬರಿ, ನಮಗೂ ಗಾಬರಿ, ಇಬ್ಬರಿಗೂ ಒಂದೇ ಸಲ. ಗಾಬರಿಯಾದ ಆನೆ ಏನು ಮಾಡುತ್ತದೆ ಅಂತ ಅವರು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ.

ಹಾಗಾಗಿ ಮಾಕುಟ್ಟ ಘಾಟಿ ಉದ್ದಕ್ಕೂ ಪ್ರತಿ ತಿರುವಿಗೂ ಬೆಲ್ ಹೊಡೆದೆವು. ತಮ್ಮ ಹಾಡು ಹೇಳಿದ. ಅವನಿಗೆ ಪೂರ್ತಿ ಬರುವುದು ಎರಡೇ ಹಾಡು, ಅವೆರಡನ್ನೇ ಕೇರಳ ಗಡಿಯ ಕೂಟುಪುಳ ಬರುವ ತನಕ ಹೇಳಿದ.

ಇವನು ನನ್ನ ಚಿಕ್ಕಮ್ಮನ ಮಗ, ವಿರಾಜಪೇಟೆಯಲ್ಲಿರುವುದು. ನಾನು ಮೈಸೂರು. ಎರಡು ವರ್ಷದಿಂದ ಇಬ್ಬರೂ ಸೇರಿ ಸೈಕಲ್ ಟೂರ್ ಹೋಗುತ್ತಿದ್ದೇವೆ. ಈ ಸಲ ಡಿಸೆಂಬರಿನಲ್ಲಿ, ಪುತ್ತರಿ ಹಬ್ಬ ಮುಗಿದ ಮೇಲೆ ಹೊರಟೆವು. ವಿರಾಜಪೇಟೆಯಿಂದ ಮಾಕುಟ್ಟ ಇಳಿದು ಕೇರಳದ ಇರಿಟ್ಟಿ. ಅಲ್ಲಿಂದ ಕೊಟ್ಟಿಯೂರು, ಪಾಲ್ ಚುರಂ ಹತ್ತಿ ವಯನಾಡಿನ ಮಾನಂದವಾಡಿ. ಆಮೇಲೆ ತೋಲ್ಪೆಟ್ಟಿ ಕಾಡು ದಾಟಿ ಕುಟ್ಟ, ಗೋಣಿಕೊಪ್ಪ, ವಾಪಸ್ ವಿರಾಜಪೇಟೆ. ಒಟ್ಟು ನೂರೆಪ್ಪತ್ತು ಕಿಲೋಮೀಟರ್ ಆಸುಪಾಸು. ಜೋರಾಗಿ ತುಳಿಯುವವರು ಒಂದು ದಿನದಲ್ಲಿ ಮುಗಿಸುತ್ತಾರೆ. ನಾವು ನಾಲ್ಕು ದಿನ ತೆಗೆದುಕೊಂಡೆವು. ಅದರಲ್ಲಿ ಒಂದು ದಿನ ಸೈಕಲ್ಲನ್ನು ಮುಟ್ಟಲೇ ಇಲ್ಲ.

ಈ ದಾರಿಯನ್ನೇ ಯಾಕೆ ಆರಿಸಿದೆ ಅಂದರೆ, ನೀರು. ಭೂಪಟ ಹರಡಿಕೊಂಡು ರಸ್ತೆ ಹುಡುಕುತ್ತಾ ಇದ್ದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಪೆರುಂಬಾಡಿ ದಾಟಿ ಘಾಟಿ ಇಳಿಯುವ ಕಡೆ ಬಿದ್ದ ಮಳೆ ಮಾಕುಟ್ಟದ ಹೊಳೆ, ಬರಪೊಳೆ ಅಂತ ಹರಿದು ವಳಪಟ್ಟಣಂ ಹೊಳೆ ಸೇರಿ ಕಣ್ಣೂರಿನ ಹತ್ತಿರ ಅರಬ್ಬಿ ಸಮುದ್ರಕ್ಕೆ ಹೋಗುತ್ತದೆ. ಅದೇ, ಕೇರಳದ ಒಳಗೇ ಇರುವ ಮಾನಂದವಾಡಿಯಲ್ಲಿ ಬಿದ್ದ ಮಳೆ? ಅದು ಪಶ್ಚಿಮಕ್ಕೆ ಹೋಗುವುದಿಲ್ಲ. ಮಾನಂದವಾಡಿ ಹೊಳೆ, ಪನಮರಂ ಹೊಳೆ ಎರಡೂ ಸೇರಿ ಕಬಿನಿ ಆಗುತ್ತದೆ, ಎಚ್.ಡಿ. ಕೋಟೆಗೆ ಬರುತ್ತದೆ, ತಿ. ನರಸೀಪುರದಲ್ಲಿ ಕಾವೇರಿ ಸೇರುತ್ತದೆ. ಮೈಸೂರಿಗೆ ಕುಡಿಯುವ ನೀರು ಕಾವೇರಿಯಿಂದಲೂ ಬರುತ್ತದೆ, ಕಬಿನಿಯಿಂದಲೂ ಬರುತ್ತದೆ. ಅಂದರೆ ಕೇರಳದ ಒಂದು ಗುಡ್ಡದ ಮೇಲಿನ ಮಳೆ ನಮ್ಮೂರಿನ ನಲ್ಲಿಯಲ್ಲಿ! ಚಿಕ್ಕವಳಿದ್ದಾಗಿಂದ ಆ ನೀರು ಕುಡಿದಿದ್ದೇನೆ, ಅದು ಎಲ್ಲಿಂದ ಹೊರಡುತ್ತದೆ ಅಂತ ಒಂದು ಸಲವೂ ಯೋಚನೆ ಮಾಡಿರಲಿಲ್ಲ. ಬೇಜಾರೇ ಆಯಿತು. ನೀರು ಆ ಕಡೆ ಈ ಕಡೆ ಆಗುವ ಗುಡ್ಡದ ಏಣನ್ನು ಒಂದು ಸಲ ಇಳಿಯಬೇಕು, ಒಂದು ಸಲ ಹತ್ತಬೇಕು, ಅದೂ ಕಾಲಲ್ಲೇ ತುಳಿದುಕೊಂಡು ಅಂತ ಆಗಲೇ ನಿರ್ಧಾರ ಮಾಡಿದೆ.

ಚಿಕ್ಕಮ್ಮನಿಗೆ ಇದೆಲ್ಲ ಹೇಳಿದೆ. "ನೀರು ನೋಡೋಕೆ ಅಷ್ಟು ದೂರ ಹೋಗ್ಬೇಕೇನೇ? ಮಾಕುಟ್ಟದಲ್ಲಿ ಆನೆ ಇದೆ ಕಣೇ" ಅಂದರು. ಬೆಳಿಗ್ಗೆ ಅಕ್ಕಿ ರೊಟ್ಟಿ ಕಟ್ಟಿಕೊಟ್ಟರು, ಎಂಟೂವರೆ ಆಗುವ ತನಕ ಗೇಟು ದಾಟಲು ಬಿಡಲಿಲ್ಲ. ಅದು ಸರಿಯಾದ ಮಾತೇ. ಈ ಕಡೆ ಬೆಳಗಿನ ಜಾವ ಮತ್ತು ಸಂಜೆ ಆನೆ ಓಡಾಡುವ ಹೊತ್ತು. ಬೆಂಗಳೂರು, ಮೈಸೂರು ಕಡೆ ಸೈಕಲ್ ಹೊಡೆಯುವವರಿಗೆ ಐದು ಗಂಟೆಗೆ ಎದ್ದು ಹೊರಡುವುದು ಅಭ್ಯಾಸ. ಇಲ್ಲಿಗೆ ಬಂದಾಗ ಆ ಅಭ್ಯಾಸ ಬಿಡಬೇಕು. ಕಾಡಿನ ದಾರಿ ಇದ್ದರೆ ಎಂಟೂವರೆಗೆ ಮುಂಚೆ ಬೇಡ, ಸಂಜೆ ನಾಲ್ಕರ ಮೇಲೆ ಬೇಡ. ಬಿಸಿಲು ಜಾಸ್ತಿ ಅನ್ನಿಸಿದರೂ ಪರವಾಗಿಲ್ಲ.

ವಿರಾಜಪೇಟೆ ಕೊಡಗಿನ ಅರಸ ದೊಡ್ಡ ವೀರರಾಜೇಂದ್ರ ಕಟ್ಟಿಸಿದ ಊರು, 1792ರದ್ದು. ಅದಕ್ಕೆ ಒಂದು ವರ್ಷ ಮುಂಚೆ ಬ್ರಿಟಿಷ್ ಜನರಲ್ ಅಬರ್‌ಕ್ರಾಂಬಿಯ ಬಾಂಬೆ ಸೈನ್ಯ ಟಿಪ್ಪುವಿನ ಮೇಲೆ ಯುದ್ಧಕ್ಕೆ ಅಂತ ಕಣ್ಣೂರಿನ ಕಡೆಯಿಂದ ಘಾಟಿ ಹತ್ತಿ ಕೊಡಗಿಗೆ ಬಂದಿತ್ತು. ಆ ಕಾಡಲ್ಲಿ ಫಿರಂಗಿ ಎಳೆಸಿಕೊಂಡು ಬಂದದ್ದು ಹೇಗೆ ಅನ್ನುವುದು ಈ ಇಳಿಜಾರನ್ನು ಸೈಕಲ್ಲಲ್ಲಿ ಇಳಿದವರಿಗೆ ನಿಜಕ್ಕೂ ಅಚ್ಚರಿಯ ವಿಷಯ. ಎಳೆದವರು ಯಾರು, ಅದರಲ್ಲಿ ವಾಪಸ್ ಊರು ಸೇರಿದವರು ಎಷ್ಟು ಅಂತ ದಾರಿ ಪೂರ್ತಿ ನನ್ನ ತಲೆಯಲ್ಲಿ ಓಡುತ್ತಿತ್ತು.

ಘಾಟಿ ಚೆನ್ನಾಗಿದೆ ಅಂದರೆ ಕಡಿಮೆ ಹೇಳಿದಂತೆ. ಎರಡೂ ಕಡೆ ಬ್ರಹ್ಮಗಿರಿ ಸೀಮೆಯ ಕಾಡು. ಮರಗಳು ಎಷ್ಟು ಎತ್ತರ ಅಂದರೆ ಹತ್ತು ಗಂಟೆ ಬಿಸಿಲು ಕೂಡ ರಸ್ತೆಗೆ ಚುಕ್ಕಿ ಚುಕ್ಕಿಯಾಗಿ ಬೀಳುತ್ತದೆ. ಒಂದು ಕಡೆ ತಲೆ ಮೇಲೆ ಬುಸ್ ಬುಸ್ ಅಂತ ಸದ್ದು, ಯಾರೋ ದೊಡ್ಡ ಬೀಸಣಿಗೆ ಬೀಸಿದ ಹಾಗೆ. ಮಂಗಟ್ಟೆ ಹಕ್ಕಿ. ಜೋಡಿ. ಕಾಣಿಸಿದ್ದಕ್ಕಿಂತ ಕೇಳಿಸಿದ್ದೇ ಜಾಸ್ತಿ. ಕಾರಿನಲ್ಲಿ ಈ ರಸ್ತೆಯಲ್ಲಿ ಎಷ್ಟೋ ಸಲ ಹೋಗಿದ್ದೇನೆ, ಆ ರೆಕ್ಕೆ ಸದ್ದು ಕೇಳಿದ್ದು ಇದೇ ಮೊದಲು. ಅಯ್ಯಪ್ಪನ ಸೀಸನ್ ಆದ್ದರಿಂದ ಆಗಾಗ ಹೂವಿನ ಹಾರ ಹಾಕಿದ ಟೆಂಪೋಗಳು ಬರುತ್ತಿದ್ದವು. ಒಳಗಿಂದ ಕೈ ಬೀಸುತ್ತಿದ್ದರು, ಶರಣು ಕೂಗುತ್ತಿದ್ದರು. ಅವು ದಾಟಿದ ಮೇಲೆ ಮತ್ತೆ ನೀರಿನ ಸದ್ದು ಮಾತ್ರ. ರಸ್ತೆ ಬದಿ ಬಂಡೆಗಳಿಂದ ಡಿಸೆಂಬರಿನಲ್ಲೂ ನೀರು ಇಳಿಯುತ್ತಿತ್ತು.

ಅರ್ಧ ಇಳಿಯುವಷ್ಟರಲ್ಲಿ ನನ್ನ ಹಿಂದಿನ ಬ್ರೇಕ್ ಕಿರ್‍ರ್ ಅನ್ನಲು ಶುರುವಾಯಿತು. ಲಿವರ್ ಹ್ಯಾಂಡಲ್‌ಗೆ ತಾಗುವಷ್ಟು ಒತ್ತಿದರೂ ಸೈಕಲ್ ನಿಲ್ಲಲೊಲ್ಲದು. ಕ್ಯಾರಿಯರ್ ಮೇಲೆ ಹನ್ನೆರಡು ಕಿಲೋ ಲಗೇಜು, ಮುಂದೆ ತಿರುವು. ಮುಂದಿನ ಬ್ರೇಕನ್ನು ಮೆಲ್ಲಗೆ ಹಿಡಿದು, ಒಂದು ಕಾಲು ಕೆಳಗಿಟ್ಟು, ಹೇಗೋ ಬಂಡೆಯ ಪಕ್ಕ ನಿಲ್ಲಿಸಿದೆ. ಎದೆ ಹೊಡೆದುಕೊಳ್ಳುತ್ತಿತ್ತು. ಡಿಸ್ಕ್ ಹತ್ತಿರ ಕೈ ಒಯ್ದರೆ ಒಲೆ ಮೇಲಿನ ಹೆಂಚಿನ ಬಿಸಿ. ತಮ್ಮ ಬಾಟಲಿ ನೀರು ಹಾಕಲು ಬಂದ, ಬೇಡ ಅಂದೆ. ಕಾದ ಡಿಸ್ಕಿಗೆ ತಣ್ಣೀರು ಬಿದ್ದರೆ ಸೊಟ್ಟಗಾಗುತ್ತದೆ. ಸುಮ್ನೆ ಇಪ್ಪತ್ತು ನಿಮಿಷ ಕೂತೆವು. ಆಮೇಲೆ ಚಕ್ರ ಬಿಚ್ಚಿ, ಪಿನ್ ಎಳೆದು, ಪ್ಯಾಡ್ ಹೊರಗೆ ತೆಗೆದರೆ ಒಂದು ಕಡೆ ಉಜ್ಜುವ ಪದರವೇ ಇಲ್ಲ, ಬರೀ ತಗಡು. ಹೊರಡುವ ವಾರ ಸರ್ವಿಸ್ ಮಾಡಿಸಿದ್ದೆ, ಪ್ಯಾಡ್ ನೋಡಿದ್ದೀವಿ ಅಂದಿದ್ದರು. ನಾನೂ ಒಂದು ಸಲ ಬಗ್ಗಿ ನೋಡಬೇಕಿತ್ತು. ಬಿಡಿ ಪ್ಯಾಡ್ ಒಂದು ಜೊತೆ ಬ್ಯಾಗಿನಲ್ಲಿ ಇದ್ದದ್ದರಿಂದ ಉಳಿದೆವು. ಎರಡು ಪ್ಯಾಡ್ ನಡುವೆ ಪುಟ್ಟ ಸ್ಪ್ರಿಂಗ್ ಇಟ್ಟು, ಬೆರಳಲ್ಲಿ ಒತ್ತಿ ಹಿಡಿದು, ಮೂರನೇ ಪ್ರಯತ್ನಕ್ಕೆ ಒಳಗೆ ಕೂತಿತು. ತಂತಿ ಬಿಗಿ ಮಾಡಿ, ಮೆಲ್ಲಗೆ ಹತ್ತು ಸಲ ನಿಲ್ಲಿಸಿ ನಿಲ್ಲಿಸಿ ಪ್ಯಾಡ್ ಪಳಗಿಸಿಕೊಂಡೆ. ಘಾಟಿಯಲ್ಲಿ ಫೋನಿಗೆ ಸಿಗ್ನಲ್ ಇಲ್ಲ. ಹೊಸದಾಗಿ ಹೋಗುವವರಿಗೆ ನಾನು ಹೇಳುವುದು ಇದೊಂದೇ: ಟ್ಯೂಬು, ಪಂಪು ಎಲ್ಲರೂ ಇಟ್ಟುಕೊಳ್ಳುತ್ತಾರೆ, ಬ್ರೇಕ್ ಪ್ಯಾಡ್ ಇಟ್ಟುಕೊಳ್ಳಿ. ಮತ್ತೆ ಇಳಿಜಾರಲ್ಲಿ ಬ್ರೇಕ್ ಹಿಡಿದೇ ಇರಬೇಡಿ. ಗಟ್ಟಿಯಾಗಿ ಒಂದು ಸಲ ಹಿಡಿದು ವೇಗ ತಗ್ಗಿಸಿ ಬಿಡಿ, ಮತ್ತೆ ಹಿಡಿಯಿರಿ. ತಣ್ಣಗಾಗಲು ಅದಕ್ಕೂ ಹೊತ್ತು ಬೇಕಲ್ವಾ.

ಮಾಕುಟ್ಟ ಅಂದರೆ ಕಾಡಿನ ನಡುವೆ ನಾಲ್ಕು ಮನೆ, ಚೆಕ್‌ಪೋಸ್ಟು. ಅಲ್ಲಿಂದ ಕೆಳಗೆ ಕೂಟುಪುಳ ಸೇತುವೆ, ಆಚೆ ಕೇರಳ. ಕೂಟ್ ಅಂದರೆ ಕೂಡುವುದು, ಪುಳ ಅಂದರೆ ಹೊಳೆ. ಹೆಸರಲ್ಲೇ ಎಲ್ಲ ಇದೆ. ಸೇತುವೆ ಆಚೆ ಒಂದು ಚಹಾದಂಗಡಿ. ಅಂಗಡಿಯಾತ "ಮೈಸೂರಿಲ್ ನಿನ್ನೋ?" ಅಂದವರು ಎರಡನೇ ಮಾತಿಗೇ ಕನ್ನಡಕ್ಕೆ ಬಂದರು. ಇಪ್ಪತ್ತು ವರ್ಷ ವಿರಾಜಪೇಟೆ ಕಡೆ ತೋಟದಲ್ಲಿ ಮೆಣಸು ಕೊಯ್ಯುತ್ತಿದ್ದರಂತೆ. 2020ರ ಮಾರ್ಚಿನಲ್ಲಿ, ಕೊರೊನಾ ಸಮಯದಲ್ಲಿ, ಕರ್ನಾಟಕದ ಕಡೆಯಿಂದ ಈ ರಸ್ತೆಗೆ ಮಣ್ಣು ಸುರಿದು ಮುಚ್ಚಿದ್ದನ್ನು ಅವರೇ ತೆಗೆದು ಹೇಳಿದರು. "ಮಗಳು ಆ ಕಡೆ, ನಾನು ಈ ಕಡೆ. ನಲವತ್ತು ಕಿಲೋಮೀಟರ್ ಇಲ್ಲ. ಫೋನಲ್ಲೇ ನೋಡ್ಕೊಂಡ್ವಿ." ಆ ಮಾತು ಹೇಳಿ ಲೋಟ ತೊಳೆಯಲು ಹೋದರು. ನನಗೆ ಏನು ಹೇಳಬೇಕು ಅಂತ ತೋಚಲಿಲ್ಲ. ಪಳಂಪೊರಿ, ಅಂದರೆ ಬಾಳೆಹಣ್ಣಿನ ಬಜ್ಜಿ, ಬಿಸಿ ಬಿಸಿ ಇತ್ತು, ಎರಡೆರಡು ತಿಂದೆವು.

ವಿರಾಜಪೇಟೆ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರ. ಇರಿಟ್ಟಿ ನೂರು ಮೀಟರಿಗೂ ಕೆಳಗೆ. ಮೂವತ್ತೈದು ಕಿಲೋಮೀಟರಿನಲ್ಲಿ ಅಷ್ಟು ಇಳಿದಾಗ ಹವೆಯೇ ಬೇರೆ. ಮೇಲೆ ಸ್ವೆಟರ್, ಕೆಳಗೆ ಬೆವರು. ಕಾಫಿ ಹೋಯಿತು, ರಬ್ಬರ್ ಬಂತು. ಸಾಲು ಮರಗಳಿಗೆ ಓರೆಯಾಗಿ ಗೀರು, ಗೀರಿನ ಕೆಳಗೆ ಕಟ್ಟಿದ ಚಿಪ್ಪು, ಚಿಪ್ಪಿನಲ್ಲಿ ಹಾಲು. ಮನೆ ಮುಂದೆ ಬಟ್ಟೆ ಒಣಗಿಸುವ ಹಗ್ಗದ ಮೇಲೆ ರಬ್ಬರ್ ಶೀಟುಗಳು. ಆ ಹುಳಿ ವಾಸನೆ ಎರಡು ದಿನ ನಮ್ಮ ಜೊತೆಗೇ ಇತ್ತು.

ಎರಡನೇ ದಿನ ಇರಿಟ್ಟಿಯಿಂದ ಪೇರಾವೂರು, ಕೇಳಕಂ ಮೇಲೆ ಕೊಟ್ಟಿಯೂರು. ಮೂವತ್ತು ಕಿಲೋಮೀಟರ್ ಇರಬಹುದು, ಮೆಲ್ಲಗೆ ಏರುತ್ತಾ ಹೋಗುತ್ತದೆ. ಒಂದು ಚರ್ಚು, ಒಂದು ಮಸೀದಿ, ಒಂದು ದೇವಸ್ಥಾನ, ಮತ್ತೆ ಒಂದು ಚರ್ಚು. ಕಳೆದ ಶತಮಾನದಲ್ಲಿ ತಿರುವಾಂಕೂರು ಕಡೆಯಿಂದ ಕ್ರೈಸ್ತ ರೈತ ಕುಟುಂಬಗಳು ಗುಂಪು ಗುಂಪಾಗಿ ಬಂದು ಕಾಡು ಕಡಿದು ನೆಲೆಸಿದ ಜಾಗ ಇದು. ಮಲೇರಿಯಾ, ಕಾಡುಪ್ರಾಣಿ ಎಲ್ಲ ಎದುರಿಸಿ ಮರಗೆಣಸು ನೆಟ್ಟವರು. ಹಾಗೆ ಹೇಳುವಾಗಲೇ, ಅವರು ಬರುವ ಮೊದಲು ಆ ಕಾಡಲ್ಲಿ ಇದ್ದವರ ನೆಲ ಏನಾಯಿತು ಅನ್ನುವುದನ್ನೂ ಹೇಳಬೇಕು. ಅವರಲ್ಲಿ ಜಮೀನು ಉಳಿದವರು ಕಡಿಮೆ.

ಕೊಟ್ಟಿಯೂರಿಗೆ ಈಗೀಗ ನಮ್ಮ ಕಡೆಯಿಂದ ತುಂಬಾ ಜನ ಹೋಗುತ್ತಾರೆ. ಬಾವಲಿ ಹೊಳೆಯ ಈಚೆ ಇಕ್ಕರೆ, ಆಚೆ ಅಕ್ಕರೆ. ಅಕ್ಕರೆ ಕೊಟ್ಟಿಯೂರಿನಲ್ಲಿ ಕಟ್ಟಡದ ಗುಡಿ ಇಲ್ಲ. ಮೇ–ಜೂನ್ ಹೊತ್ತಿಗೆ ಬರುವ ವೈಶಾಖ ಮಹೋತ್ಸವದ ಸುಮಾರು ನಾಲ್ಕು ವಾರ ಮಾತ್ರ ಗರಿಯ ಗುಡಿಸಲು ಹಾಕಿ ಪೂಜೆ. ಆಮೇಲೆ ಎಲ್ಲ ಬಿಚ್ಚಿ ಕಾಡಿಗೆ ಬಿಟ್ಟುಕೊಡುತ್ತಾರೆ. ಅಲ್ಲಿಂದ ತಂದ, ಬಿದಿರನ್ನು ಜಜ್ಜಿ ಎಳೆ ಎಳೆ ಮಾಡಿದ ಬಿಳಿ ಓಡಪ್ಪೂವು ಮೈಸೂರಿನ ಕಾರುಗಳಲ್ಲೂ ತೂಗಾಡುವುದನ್ನು ನೋಡಿರುತ್ತೀರಿ. ನಾವು ಹೋದಾಗ ಯಾರೂ ಇರಲಿಲ್ಲ. ಹೊಳೆ ದಂಡೆಯಲ್ಲಿ ಕೂತು ಆ ಕಡೆಯ ಕಾಡು ನೋಡಿದೆವು. ವರ್ಷದಲ್ಲಿ ಹನ್ನೊಂದು ತಿಂಗಳು ದೇವರನ್ನು ಮರಕ್ಕೂ ಮಳೆಗೂ ಬಿಡುವ ಈ ಪದ್ಧತಿ ನನಗೆ ಬಹಳ ಇಷ್ಟವಾಯಿತು. ಈ ಬಾವಲಿ ಹೊಳೆಯೂ ವಳಪಟ್ಟಣಂ ಸೇರುವುದೇ. ಇನ್ನೂ ನಾವು ಅರಬ್ಬಿ ಸಮುದ್ರದ ನೀರಿನಲ್ಲೇ ಇದ್ದೆವು.

ಅಲ್ಲಿಂದ ಪಾಲ್ ಚುರಂ. ಚುರಂ ಅಂದರೆ ಘಾಟಿ, ಪಾಲ್ ಅಂದರೆ ಹಾಲು. ಹೆಸರು ಮೃದು, ರಸ್ತೆ ಮೃದು ಅಲ್ಲ. ಉದ್ದ ಜಾಸ್ತಿ ಇಲ್ಲ, ಆದರೆ ಎಲ್ಲ ಏರನ್ನೂ ಒಂದೇ ಕಡೆ ತುರುಕಿದ ಹಾಗಿದೆ. ನನ್ನ ಸೈಕಲ್ಲಿನ ಅತಿ ಹಗುರ ಗೇರು ಮುಂದೆ 28 ಹಲ್ಲು, ಹಿಂದೆ 34. ಆ ಗೇರಿನಲ್ಲೂ ಮುಂದಿನ ಚಕ್ರ ಮೇಲೆ ಏಳುವಂತೆ ಆಗುತ್ತಿತ್ತು. ಎರಡನೇ ತಿರುವಿನಲ್ಲಿ ಇಳಿದು ತಳ್ಳಿದೆ. ತಳ್ಳುವುದೂ ಸುಲಭ ಅಲ್ಲ. ತೋಳು ನೋವು, ಬೂಟು ಜಾರುತ್ತದೆ, ಹಿಂದೆ ಜೀಪಿನ ಹಾರ್ನು. ಹಿಂದೆ ಯಾವುದೋ ಗಾಡಿಯ ಕ್ಲಚ್ ಸುಟ್ಟ ವಾಸನೆ. ಒಂದು ಜೀಪಿನವರು ನಿಲ್ಲಿಸಿ ಸೈಕಲ್ ಹಿಂದೆ ಹಾಕಿ, ಬನ್ನಿ ಅಂದರು. ಬೇಡ ಚೇಟ್ಟಾ, ಹತ್ತಿಯೇ ಬರುತ್ತೇನೆ ಅಂತ ನನಗೆ ಬರುವ ಅರ್ಧ ಮಲಯಾಳದಲ್ಲಿ ಹೇಳಿದೆ. "ಪದುಕ್ಕೆ, ಪದುಕ್ಕೆ" ಅಂದು ಹೋದರು. ಮೆಲ್ಲಗೆ, ಮೆಲ್ಲಗೆ ಅಂತ ಅರ್ಥ. ಆಮೇಲೆ ಪ್ರತಿ ಉಸಿರಿಗೂ ಅದನ್ನೇ ಹೇಳಿಕೊಂಡೆ. ಐವತ್ತು ಹೆಜ್ಜೆ, ನಿಲ್ಲು. ಐವತ್ತು ಹೆಜ್ಜೆ, ನಿಲ್ಲು. ತಮ್ಮ ಮೇಲೆ ಹೋಗಿ ತನ್ನ ಸೈಕಲ್ ಒರಗಿಸಿ ವಾಪಸ್ ನಡೆದು ಬಂದು ನನ್ನ ಬ್ಯಾಗು ಒಂದನ್ನು ಹೆಗಲಿಗೆ ಹಾಕಿಕೊಂಡ. ಕೇಳಿರಲಿಲ್ಲ ನಾನು.

ಬಾಯ್ಸ್ ಟೌನ್ ಹತ್ತಿರ ರಸ್ತೆ ಸಮ ಆಯಿತು. ಒಂದೇ ಸಲಕ್ಕೆ ತಣ್ಣನೆ ಗಾಳಿ. ಹಿಂದೆ ತಿರುಗಿದರೆ ಕೆಳಗೆ ಕೊಟ್ಟಿಯೂರು ಕಣಿವೆ ಮಂಜಿನ ಹಾಗೆ ನೀಲಿ. ಮುಂದೆ ಚಹಾ ಗಿಡ, ಕಾಫಿ, ಬಾಳೆ. ರಸ್ತೆ ಬದಿ ಚರಂಡಿಯಲ್ಲಿ ಬೆರಳಷ್ಟು ದಪ್ಪ ನೀರು ಹರಿಯುತ್ತಿತ್ತು. ಯಾವ ಕಡೆ ಅಂತ ನೋಡಿದೆ. ನಾವು ಹೋಗುವ ಕಡೆಗೇ. ಪೂರ್ವಕ್ಕೆ. ಸೈಕಲ್ ಮಲಗಿಸಿ ಅದರ ಪಕ್ಕ ಕೂತುಬಿಟ್ಟೆ. "ಅಕ್ಕ, ಸುಸ್ತಾ?" ಅಂದ ತಮ್ಮ. ಅಲ್ಲ ಕಣೋ, ಈ ನೀರು ಕಬಿನಿಗೆ ಹೋಗುತ್ತೆ, ಮೈಸೂರಿಗೆ ಬರುತ್ತೆ ಅಂದೆ. ಅವನೂ ಪಕ್ಕದಲ್ಲಿ ಕೂತ. ಒಂದು ಒಣ ಎಲೆ ಬಿಟ್ಟ. ಅದು ಸ್ವಲ್ಪ ದೂರ ಹೋಗಿ ಕಲ್ಲಿಗೆ ಸಿಕ್ಕಿಕೊಂಡಿತು. ಬಿಡಿಸಿ ಮತ್ತೆ ಬಿಟ್ಟ.

ರಾಜ್ಯದ ಗಡಿ ಹಿಂದಿನ ದಿನವೇ ದಾಟಿದ್ದೆವು, ಮುಂದೆ ಮತ್ತೆ ದಾಟುವುದಿತ್ತು. ಆದರೆ ನನ್ನ ಮೈಗೆ ಗಡಿ ಅಂತ ಅನ್ನಿಸಿದ್ದು ಈ ಏಣು. ಇಲ್ಲಿಂದ ವಿರಾಜಪೇಟೆ ತನಕ ಇನ್ನು ಬರುವುದೆಲ್ಲ ಕಾವೇರಿ ಸೇರುವ ನೀರೇ, ರಾಜ್ಯ ಯಾವುದಾದರೂ ಇರಲಿ.

ಮಾನಂದವಾಡಿಯಲ್ಲಿ ಪಳಶ್ಶಿ ರಾಜನ ಸಮಾಧಿ ಇದೆ. 1805ರ ನವೆಂಬರ್ 30ರಂದು ಬ್ರಿಟಿಷರ ವಿರುದ್ಧದ ಹೋರಾಟದಲ್ಲಿ ತೀರಿಕೊಂಡವರು. ಘಾಟಿಯ ಕೆಳಗೂ ಮೇಲೂ ಅವರ ನೆಲ, ಜೊತೆಗೆ ನಿಂತವರು ವಯನಾಡಿನ ಕುರಿಚ್ಯ ಬುಡಕಟ್ಟಿನವರು. ಹಿಂದಿನ ಮಧ್ಯಾಹ್ನ ಅಷ್ಟು ಕಷ್ಟಪಟ್ಟು ಹತ್ತಿ ಬಂದ ಮೇಲೆ, ಈ ಘಾಟಿಗಳನ್ನು ತಿಳಿದವರನ್ನು ಹಿಡಿಯಲು ಕಂಪನಿಯವರಿಗೆ ವರ್ಷಗಟ್ಟಲೆ ಯಾಕೆ ಬೇಕಾಯಿತು ಅನ್ನುವುದಕ್ಕೆ ಬೇರೆ ವಿವರಣೆ ಬೇಕಿರಲಿಲ್ಲ.

ಮೂರನೇ ದಿನ ಸೈಕಲ್ ಲಾಡ್ಜಿನಲ್ಲೇ ಬಿಟ್ಟು ಬಸ್ಸಿನಲ್ಲಿ ತಿರುನೆಲ್ಲಿಗೆ ಹೋದೆವು. ಆ ರಸ್ತೆ ಕಾಡಿನೊಳಗೆ ಹೋಗಿ ಅಲ್ಲೇ ಮುಗಿಯುತ್ತದೆ, ಅದೇ ದಾರಿಯಲ್ಲಿ ವಾಪಸ್ ಬರಬೇಕು. ಎರಡು ಸಲ ಆನೆ ಜಾಗದಲ್ಲಿ ಸೈಕಲ್ ತುಳಿಯುವ ಆಸೆ ನನಗಿಲ್ಲ. ತೆಟ್ಟು ರೋಡ್ ಕೂಡುದಾರಿಯಲ್ಲಿ ಉಣ್ಣಿಯಪ್ಪದ ಅಂಗಡಿ ಇದೆ, ಬಸ್ಸಿನಿಂದ ಅರ್ಧ ಜನ ಇಳಿದು ಪೊಟ್ಟಣ ಕಟ್ಟಿಸಿಕೊಂಡು ಬಂದರು. ತಿರುನೆಲ್ಲಿ ದೇವಸ್ಥಾನಕ್ಕೆ ಬಾವಿ ಇಲ್ಲ. ಬ್ರಹ್ಮಗಿರಿ ಗುಡ್ಡದ ನೀರನ್ನು ಕಲ್ಲಿನ ದೋಣಿಗಳಲ್ಲಿ, ಕಲ್ಲು ಕಂಬಗಳ ಮೇಲೆ ಸಾಲಾಗಿ ಇಟ್ಟು, ಅಂಗಳದ ತನಕ ತಂದಿದ್ದಾರೆ. ಚಿರಕ್ಕಲ್ ಅರಮನೆಯ ರಾಣಿ ಮಾಡಿಸಿದ್ದು ಅಂತ ಅಲ್ಲಿ ಹೇಳುತ್ತಾರೆ. ಕಲ್ಲು ಪಾಚಿ ಕಟ್ಟಿ ಹಸಿರು. ಕಿವಿ ಹತ್ತಿರ ಇಟ್ಟರೆ ಒಳಗೆ ನೀರು ಹೋಗುವ ಸದ್ದು ಕೇಳುತ್ತದೆ. ಕೊಡಗಿನಿಂದ ಬಂದ ಒಂದು ಕುಟುಂಬ ಪಾಪನಾಶಿನಿಯಲ್ಲಿ ಅಪ್ಪನಿಗೆ ಎಳ್ಳು ನೀರು ಬಿಟ್ಟು ಬಂದು ಅಲ್ಲಿ ಕೂತಿತ್ತು.

ವಾಪಸ್ ಬರುವ ಬಸ್ಸಿನಲ್ಲಿ ನನ್ನ ಪಕ್ಕ ಒಬ್ಬರು ವಯಸ್ಸಾದ ಹೆಂಗಸು. ಹಿಂದಿನ ಸೀಟಿನವರ ಜೊತೆ ಆಡುತ್ತಿದ್ದ ಮಾತು ಮಲಯಾಳ ಅಲ್ಲ, ಕನ್ನಡವೂ ಅಲ್ಲ, ಎರಡರದ್ದೂ ಪದಗಳು ಅಲ್ಲಲ್ಲಿ. ಕೇಳಿಯೇಬಿಟ್ಟೆ. ಅವರಿಗೆ ಕನ್ನಡ ಬರುತ್ತಿತ್ತು, ಪೊನ್ನಂಪೇಟೆ ಕಡೆ ಲೈನ್‌ಮನೆಯಲ್ಲಿದ್ದು ಎಷ್ಟೋ ವರ್ಷ ಕಾಫಿ ಕೊಯ್ದವರು. "ಆ ಕಡೆ ನಮ್ಮನ್ನ ಎರವ ಅಂತಾರೆ, ಈ ಕಡೆ ಅಡಿಯ ಅಂತಾರೆ. ನಾವು ನಮ್ಮನ್ನ ರಾವುಳ ಅಂತೀವಿ ಅಕ್ಕ." ಎರಡೂ ಕಡೆಯ ಸರ್ಕಾರದ ಪಟ್ಟಿಯಲ್ಲಿ ಬೇರೆ ಬೇರೆ ಹೆಸರು, ಮನೆಯಲ್ಲಿ ಒಂದೇ ಹೆಸರು. ಈಗ ಮಂಡಿ ನೋವು, ಕೆಲಸಕ್ಕೆ ಹೋಗುವುದಿಲ್ಲ, ಮಗ ಹೋಗುತ್ತಾನೆ ಅಂದರು. ಇಳಿಯುವಾಗ ನನ್ನ ಭುಜ ಹಿಡಿದುಕೊಂಡು ಇಳಿದರು.

ನಾಲ್ಕನೇ ದಿನ. ಕಾಟಿಕ್ಕುಳಂ ದಾಟಿದಾಗ ಒಂಬತ್ತು ಗಂಟೆ. ಬಂಡೀಪುರದ ಎರಡು ಹೆದ್ದಾರಿಗಳಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರ ತನಕ ಹೆಚ್ಚಿನ ವಾಹನಗಳನ್ನು ಬಿಡುವುದಿಲ್ಲ. ಗಡಿಯ ಬಾವಲಿ ಊರಿನಿಂದ ಎಚ್.ಡಿ. ಕೋಟೆಗೆ ಹೋಗುವ ರಸ್ತೆಯಲ್ಲಿ ಸಂಜೆ 6ಕ್ಕೇ ಬಂದ್. ಹಾಗಾಗಿ ರಾತ್ರಿ ಬಸ್ಸು, ಲಾರಿ ಈ ತೋಲ್ಪೆಟ್ಟಿ–ಕುಟ್ಟ ರಸ್ತೆಗೆ ತಿರುಗಿಕೊಳ್ಳುತ್ತವೆ. ಇಲ್ಲಿಯ ಆನೆಗಳಿಗೆ ರಾತ್ರಿಯೂ ಬಿಡುವಿಲ್ಲ ಅಂತ ಆಯಿತು. ತೆಟ್ಟು ರೋಡ್ ಆದ ಮೇಲೆ ಎರಡೂ ಕಡೆ ವಯನಾಡ್ ಅಭಯಾರಣ್ಯ. ಕೆಲವು ಕಡೆ ಸಾಲು ಸಾಲು ಮರಗಳ ತೊಗಟೆ ಸುತ್ತ ಸುಲಿದಿದ್ದರು, ನಿಂತಲ್ಲೇ ಒಣಗಲಿ ಅಂತ. ನೋಡಿದರೆ ಸಂಕಟ ಆಗುತ್ತದೆ. ಆದರೆ ಅದು ಸೆನ್ನಾ ಅನ್ನುವ ಹಳದಿ ಹೂವಿನ ಹೊರಗಿನ ಮರ, ಚೆಂದಕ್ಕೆ, ನೆರಳಿಗೆ ಅಂತ ನೆಟ್ಟದ್ದು ಕಾಡನ್ನೇ ನುಂಗುತ್ತಾ ಹೋಗುತ್ತಿದೆ. ಅದರ ಕೆಳಗೆ ಹುಲ್ಲು ಬೆಳೆಯುವುದಿಲ್ಲ. ಹುಲ್ಲು ಇಲ್ಲದಿದ್ದರೆ ಜಿಂಕೆ, ಕಾಟಿ, ಆನೆ ಹೋಗುವುದಾದರೂ ಎಲ್ಲಿಗೆ? ತೋಟಕ್ಕೆ, ಗದ್ದೆಗೆ.

ಬೆಲ್ ಹೊಡೆಯುತ್ತಾ ಹೋಗುತ್ತಿದ್ದೆವು. ಹಿಂದಿನಿಂದ ಕೇರಳದ ಕೆಂಪು ಬಸ್ಸು ಬಂದು ನಮ್ಮನ್ನು ದಾಟಿ, ಮುಂದಿನ ತಿರುವಿಗೆ ಮುಂಚೆ ಗಕ್ಕನೆ ನಿಂತಿತು. ಕಂಡಕ್ಟರ್ ಬಾಗಿಲಿಂದ ಹೊರಗೆ ಬಾಗಿ ಅಂಗೈ ಕೆಳಗೆ ಮಾಡಿ ತೋರಿಸಿದರು: ನಿಲ್ಲಿ. ಮಾತಿಲ್ಲ. ತಮ್ಮ ಮೊದಲು ಮಾಡಿದ ಕೆಲಸ ಸೈಕಲ್ಲನ್ನು ಬಂದ ದಾರಿ ಕಡೆ ತಿರುಗಿಸಿ ಹಿಡಿದದ್ದು. "ಅಕ್ಕ, ನೀನೂ ತಿರುಗಿಸ್ಕೋ." ತಿರುಗಿಸಿಕೊಂಡೆ. ಬಸ್ಸಿನ ಪಕ್ಕದಿಂದ ಎಡಗಡೆ ಲಾಂಟಾನ ಪೊದೆ ಅಲ್ಲಾಡುವುದು ಕಾಣುತ್ತಿತ್ತು. ಬಿದಿರು ಲಟಕ್ ಅಂತ ಮುರಿದ ಸದ್ದು. ಆಮೇಲೆ ಒಂದು ವಾಸನೆ, ಮಳೆಗಾಲದ ದನದ ಕೊಟ್ಟಿಗೆಯದ್ದು. ಒಂದು ಹೆಣ್ಣಾನೆ ರಸ್ತೆಗೆ ಬಂತು. ಮೈಮೇಲೆ ಕೆಂಪು ಮಣ್ಣು. ಬಸ್ಸಿನ ಕಡೆ ನೋಡಿ ನಿಂತಿತು. ಕಿವಿ ಅಲ್ಲಾಡಲಿಲ್ಲ. ಅದರ ಹಿಂದೆ ಹೊಟ್ಟೆಯ ಕೆಳಗಿಂದ ಒಂದು ಮರಿ, ನಮ್ಮ ಸೈಕಲ್ಲಿನ ಎತ್ತರವೂ ಇಲ್ಲ. ಮರಿ ರಸ್ತೆ ಮಧ್ಯದ ಬಿಳಿ ಗೆರೆಯನ್ನು ಸೊಂಡಿಲಿನಿಂದ ಮುಟ್ಟಿ ನೋಡಿತು. ಹಿಂದಿನಿಂದ ಇನ್ನೊಂದು ಆನೆ ಬಂದು ಅದನ್ನು ಮೆಲ್ಲಗೆ ತಳ್ಳಿತು. ಮೂರೂ ಆಚೆ ಹೋದವು. ಬಸ್ಸಿನಲ್ಲಿ ಐವತ್ತು ಜನ ಇದ್ದಿರಬಹುದು, ಒಂದು ಮಗು ಕೂಡ ಕೂಗಲಿಲ್ಲ.

ಡ್ರೈವರ್ ಇನ್ನೂ ಐದು ನಿಮಿಷ ಕಾದರು. ಆಮೇಲೆ ಕಂಡಕ್ಟರ್ ನಮ್ಮನ್ನು ಕರೆದು ಬಸ್ಸಿನ ಹಿಂದೆ ಬರಲು ಸನ್ನೆ ಮಾಡಿದರು. ಎರಡು ಕಿಲೋಮೀಟರ್ ಆ ಬಸ್ಸು ನಮ್ಮ ವೇಗಕ್ಕೆ, ಹದಿನೈದಕ್ಕೆ, ಓಡಿತು. ನಾನು ಕಾಲಲ್ಲಿ ಇದ್ದ ಶಕ್ತಿಯನ್ನೆಲ್ಲ ಹಾಕಿ ತುಳಿದೆ. ಕಿಟಕಿಯಲ್ಲಿ ಒಬ್ಬ ಶಾಲೆ ಹುಡುಗಿ ನಮ್ಮನ್ನೇ ನೋಡುತ್ತಿದ್ದಳು. ತೋಲ್ಪೆಟ್ಟಿ ಮನೆಗಳು ಕಂಡ ಮೇಲೆ ಬಸ್ಸು ಹಾರ್ನ್ ಒಂದು ಸಲ ಒತ್ತಿ ವೇಗ ಹಿಡಿಯಿತು. ಕೈ ಮುಗಿಯಲು ಕೂಡ ಹೊತ್ತು ಸಿಗಲಿಲ್ಲ. ಆ ಡ್ರೈವರಿಗೆ, ಕಂಡಕ್ಟರಿಗೆ ಇಲ್ಲಿಂದಲೇ ಹೇಳುತ್ತೇನೆ: ನಿಮ್ಮ ಟೈಮಿಂಗ್ ನಮ್ಮಿಂದ ತಪ್ಪಿತು, ನಿಮ್ಮ ಉಪಕಾರ ಮರೆಯುವುದಿಲ್ಲ.

ಕುಟ್ಟ ಬಂತು. ಬೋರ್ಡು ಕನ್ನಡಕ್ಕೆ ತಿರುಗಿತು, ಅಂಗಡಿಯಲ್ಲಿ ಮಾತು ಇನ್ನೂ ಮಲಯಾಳವೇ. ಇಲ್ಲಿಂದ ಶ್ರೀಮಂಗಲ, ಪೊನ್ನಂಪೇಟೆ ದಾರಿ ಸೈಕಲ್ಲಿಗೆ ಹೇಳಿ ಮಾಡಿಸಿದ್ದು. ಏರು ಇದೆ, ಆದರೆ ಉಸಿರು ತೆಗೆದುಕೊಳ್ಳಲು ಬಿಡುವ ಏರು. ಅರೇಬಿಕಾ ಕೊಯ್ಲು ನಡೆದಿತ್ತು, ಕಣದಲ್ಲಿ ಕಾಫಿ ಒಣಗುವ ಸಿಹಿ ಹುಳಿ ವಾಸನೆ. ಗದ್ದೆಗಳಲ್ಲಿ ಭತ್ತ ಕೊಯ್ದಾಗಿತ್ತು. ಕೆಲವು ಗದ್ದೆಗಳಲ್ಲಿ ಭತ್ತದ ಬದಲು ಶುಂಠಿ ಮಡಿ, ಕೇರಳದಿಂದ ಬಂದವರು ಗುತ್ತಿಗೆಗೆ ಹಿಡಿದವು. ದುಡ್ಡು ಬರುತ್ತದೆ ನಿಜ, ಆದರೆ ನೀರು ನಿಲ್ಲುತ್ತಿದ್ದ ಗದ್ದೆಯನ್ನು ಬಸಿದು ಒಣಗಿಸುವುದು ನೋಡಿದಾಗ ನನಗೆ ಬಾಯ್ಸ್ ಟೌನಿನ ಆ ಚರಂಡಿ ನೀರೇ ನೆನಪಾಯಿತು. ನೀರು ನಿಂತು ಇಂಗುವ ಜಾಗ ಕಮ್ಮಿಯಾದರೆ ಬೇಸಿಗೆಯಲ್ಲಿ ಹೊಳೆಗೆ ಎಲ್ಲಿಂದ ಬರಬೇಕು?

ಇರ್ಪು ಜಲಪಾತಕ್ಕೆ ಒಳಗೆ ಹೋಗಿ ಬಂದೆವು. ಲಕ್ಷ್ಮಣತೀರ್ಥ. ಇದೂ ಕಾವೇರಿಗೇ, ಆದರೆ ಕಬಿನಿ ದಾರಿಯಲ್ಲಿ ಅಲ್ಲ, ನೇರ ಕೃಷ್ಣರಾಜಸಾಗರದ ಹಿನ್ನೀರಿಗೆ. ಇದೇ ಗುಡ್ಡದ ಆ ಮಗ್ಗುಲಲ್ಲಿ ನಿನ್ನೆ ನೋಡಿದ ತಿರುನೆಲ್ಲಿ. ಕಾಲು ನೀರಲ್ಲಿ ಇಳಿಬಿಟ್ಟು ಉಳಿದ ಉಣ್ಣಿಯಪ್ಪ ತಿಂದೆವು.

ವಿರಾಜಪೇಟೆ ತಲುಪಿದಾಗ ನಾಲ್ಕೂವರೆ. ಚಿಕ್ಕಮ್ಮ ಗೇಟಿನಲ್ಲೇ ನಿಂತಿದ್ದರು. "ಆನೆ ಸಿಕ್ತಾ?" ಅನ್ನುವುದು ಮೊದಲ ಮಾತು. ಸಿಕ್ತು ಅಮ್ಮ, ಮರಿ ಆನೆ, ಗೆರೆ ಮುಟ್ಟಿ ನೋಡ್ತು ಅಂತ ತಮ್ಮ ಶುರು ಮಾಡಿದ. ಅವರು ಕೇಳುತ್ತಾ ಕೇಳುತ್ತಾ ನಲ್ಲಿಗೆ ಪೈಪು ಸಿಕ್ಕಿಸಿ ನನ್ನ ಕೈಗೆ ಕೊಟ್ಟರು. ಚಕ್ರದ ಮೇಲಿನ ಕೆಂಪು ಮಣ್ಣು ತೊಳೆಯಲು ಅರ್ಧ ಗಂಟೆ ಹಿಡಿಯಿತು.